ಹೆದ್ದಾರಿ ಬೋರ್ಡಿನ ಗದ್ದ

ಅಲ್ಲ, ನಾನು ಕೇಳೋದು ಇಷ್ಟೇ. ಆ ಡಾಕ್ಟರಮ್ಮ ತನ್ನ ಇಡೀ ಸರ್ವಿಸಿನಲ್ಲಿ ಒಟ್ಟು ಎಷ್ಟು ದವಡೆ ನೋಡಿರಬಹುದು? ಸಾವಿರ? ಹೋಗಲಿ, ಎರಡು ಸಾವಿರ? ನಾನು ಒಂದು ಮಂಗಳವಾರದ ದನದ ಸಂತೆಗೆ ನಾನೂರು ನೋಡ್ತೀನಿ ಕಣೇ. ತುಟಿ ಎತ್ತಿ ಹಲ್ಲು ನೋಡಿದೆ ಅಂದರೆ ಹಸು ಯಾವ ವರ್ಷ ಹುಟ್ಟಿದ್ದು, ಎಷ್ಟು ಕರು ಹಾಕಿದೆ, ಯಜಮಾನ ಎಷ್ಟು ಸುಳ್ಳು ಹೇಳ್ತಿದ್ದಾನೆ, ಮೂರೂ ಗೊತ್ತಾಗಿಬಿಡುತ್ತೆ. ಇವತ್ತಿನವರೆಗೆ ಒಂದು ಹಸುವೂ ನನ್ನ ಮಾತಿಗೆ ತಕರಾರು ತೆಗೆದಿಲ್ಲ. ಅಂಥವನನ್ನ ಕುರ್ಚಿಯಲ್ಲಿ ಕೂರಿಸಿ, ಪರದೆ ಮೇಲೆ ಒಂದು ಬೂದು ಚಿತ್ರ ಹಾಕಿ, ಕೋಲಿನಿಂದ ತೋರಿಸಿ ತೋರಿಸಿ ದವಡೆ ಪಾಠ ಹೇಳ್ತಾಳೆ.

ಬಾಗಿಲು ಇನ್ನೊಂದು ಸಲ ಎಳಕೋ, ಗಾಳಿ ಬರ್ತಿದೆ. ಹೊರಗೆ ಮೈನಸ್ ಮೂವತ್ತೊಂದು. ಹೀಟರ್ ನಿನ್ನ ಕಡೆ ತಿರುಗಿಸ್ತೀನಿ, ಇರು. ಕೈಗವಸು ಹಾಕ್ಕೋ ಹಾಲ್ಯಾ. ಹಾಕ್ಕೊಳ್ಳಲ್ವಾ? ಸರಿ, ಬಿಡು. ಬೆರಳು ಉದುರಿದರೆ ನಿಮ್ಮಮ್ಮನಿಗೆ ನೀನೇ ಉತ್ತರ ಹೇಳು. ಸೋನ್ಯಾ ನನಗೆ ತಂಗಿ ಅಂತ ಹೆಸರಿಗಷ್ಟೇ, ನನ್ನನ್ನ ಬೈಯೋವಾಗ ಅವಳು ನಮ್ಮಜ್ಜಿಗೇ ಅಜ್ಜಿ.

ಹೊರಡೋಣ, ಹೊರಡೋಣ. ಎಂಜಿನ್ ಬಿಸಿಯಾಗಲಿ. ಇನ್ನೂ ಮೂರು ಐವತ್ತು. ಈ ಸಸ್ಕಟೂನ್ ಪಟ್ಟಣದಿಂದ ನಮ್ಮೂರಿಗೆ ಎರಡು ಗಂಟೆ, ನಾನು ಓಡಿಸಿದರೆ ಒಂದೂ ಮುಕ್ಕಾಲು.

ಏನು ಹಾಗೆ ನೋಡ್ತೀಯ? ನಾನೇನು ಮಾಡಿದೆ?

ಆ ಕಾಗದ ಇಲ್ಲಿ ಕೊಡು. ಅದೇ, ನಿನ್ನ ತಲೆಬುರುಡೆ ಚಿತ್ರ. ಕೊಡು ಅಂದೆ. ಹಿಂಡಿ ಹಿಪ್ಪೆ ಮಾಡಿದ್ದೀಯ ಇದನ್ನ... ನೋಡು, ಇದನ್ನ ಅರ್ಥ ಮಾಡ್ಕೊಳ್ಳೋಕೆ ಹನ್ನೆರಡು ವರ್ಷ ಓದಬೇಕಾಗಿಲ್ಲ. ದನದ ಟ್ರೇಲರ್ ಎಳೆದವನಿಗೆ ಸಾಕು. ಕಿವಿ ಮುಂದೆ ಬೆರಳಿಟ್ಟು ಬಾಯಿ ತೆಗಿ. ಏನೋ ಉರುಳುತ್ತಲ್ಲ, ಅದೇ ಇದು. ಕೆಳದವಡೆ ಮೇಲೆ ಹೋಗಿ ಹೋಗಿ ಕೊನೆಗೆ ಒಂದು ಗುಂಡಾಗುತ್ತೆ. ಬುರುಡೆಯಲ್ಲಿ ಅದಕ್ಕೊಂದು ಗುಳಿ. ಗುಂಡು ಗುಳಿಯಲ್ಲಿ ಕೂರಬೇಕು, ನಡುವೆ ಒಂದು ಮೆತ್ತನೆ ಬಿಲ್ಲೆ, ವಾಷರ್ ಥರ. ಎಡಕ್ಕೊಂದು, ಬಲಕ್ಕೊಂದು. ಅಷ್ಟೇ ಕಥೆ. ನನ್ನ ಪಿಕಪ್ ಹಿಂದೆ ಟ್ರೇಲರ್ ಸಿಕ್ಕಿಸೋ ಗುಂಡುಕೊಂಡಿಗೂ ಇದಕ್ಕೂ ಏನು ವ್ಯತ್ಯಾಸ? ಅದಕ್ಕೆ ಗ್ರೀಸ್ ಹಾಕ್ತೀನಿ, ಇದಕ್ಕೆ ಬೆಣ್ಣೆ.

ಇಲ್ಲಿ ನಿನ್ನ ಗುಂಡು ಗುಳಿಯಲ್ಲಿಲ್ಲ ಅಂತಾಳೆ. ಮುಂದೆ ಬಂದು ಅಂಚಿನಲ್ಲಿ ನಿಂತಿದೆ ಅಂತೆ. ಹಿಂದೆ ಈ ಕಪ್ಪು ಸಂದು ಇರಬಾರದಂತೆ. ಎರಡೂ ಕಡೆ. ಸರಿಯಮ್ಮ, ನಿಂತಿದೆ. ಹುಡುಗಿ ಹತ್ತೊಂಬತ್ತು ವರ್ಷದವಳು, ಗುಂಡು ಬಾಗಿಲಿಗೆ ಬಂದು ಬೀದಿ ನೋಡ್ತಿರಬಹುದು. ಅದಕ್ಕೆ ಮಾರ್ಚ್ ಹನ್ನೊಂದರ ದವಡೆ ಆಪರೇಷನ್ ರದ್ದು ಮಾಡೋದಾ?

ಅಳಬೇಡ. ಅಳ್ತಿಲ್ವಾ? ಸರಿ, ಕಣ್ಣಲ್ಲಿ ಹಿಮ ಕರಗಿದೆ. ಒರೆಸ್ಕೋ.

ಗೊತ್ತು ಕಣೇ. ಎರಡೂವರೆ ವರ್ಷ ಹಲ್ಲಿಗೆ ಕ್ಲಿಪ್ ಹಾಕ್ಕೊಂಡು ಓಡಾಡಿದ್ದು ಗೊತ್ತು. ಮುಂದಿನ ಹಲ್ಲು ಒಂದಕ್ಕೊಂದು ತಾಗದೆ, ಸ್ಯಾಂಡ್‌ವಿಚ್ಚನ್ನ ಕಚ್ಚೋಕಾಗದೆ ಕತ್ತರಿಯಲ್ಲಿ ಕತ್ತರಿಸಿ ತಿನ್ನೋದು ನಾನು ನೋಡಿಲ್ವಾ? ಕ್ರಿಸ್‌ಮಸ್ ದಿನ ನೀನು ಪಿರೊಹಿ ಕಡುಬು ನುಂಗಿ ನುಂಗಿ ತಿಂತಿದ್ದಾಗ ನಿಮ್ಮಮ್ಮ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು, ಅಳೋದು ಕೇಳಿಸಬಾರದು ಅಂತ. ಸೆಪ್ಟೆಂಬರಿಗೆ ನಿನ್ನ ಆಂಬುಲೆನ್ಸ್ ಕೋರ್ಸು. ಮಾರ್ಚಿನಲ್ಲಿ ಆದರೆ ಬೇಸಿಗೆಯೆಲ್ಲ ವಾಸಿಯಾಗೋಕೆ ಸಿಗುತ್ತೆ, ಏಪ್ರಿಲಿನಲ್ಲಾದರೂ ಹೇಗೋ ಆಗುತ್ತೆ, ಅಕ್ಟೋಬರ್ ಅಂದರೆ ಸೀಟು ಹೋಯಿತು. ಎಲ್ಲ ಗೊತ್ತು. ಲೆಕ್ಕ ನನಗೆ ಹೇಳಿಕೊಡಬೇಡ. ದನದ ಹರಾಜಿನಲ್ಲಿ ನಿಮಿಷಕ್ಕೆ ಇನ್ನೂರೈವತ್ತು ಪದ ಉಸಿರು ಬಿಡದೆ ಕೂಗೋನು ನಾನು. ಸಾವಿರದೆಂಟ್ನೂರು ಸಾವಿರದೆಂಟ್ನೂರು, ಒಂಬೈನೂರು ಯಾರು ಒಂಬೈನೂರು ಯಾರು, ಹಿಂದಿನ ಬೆಂಚಿನ ಕೆಂಪು ಟೋಪಿ ಒಂಬೈನೂರು, ಎರಡು ಯಾರು ಎರಡು ಯಾರು... ನೋಡಿದೆಯಾ, ಒಂದು ಹೋರಿ ಮಾರಿಹೋಯಿತು. ಒಂದು ಸಲ ಒಬ್ಬ ಮೂಗು ಕೆರಕೊಂಡ, ಅದನ್ನೇ ಸವಾಲು ಅಂತ ಹಿಡಿದು ಹನ್ನೊಂದು ಕಡಸು ಅವನ ತಲೆಗೆ ಕಟ್ಟಿದೆ. ಮನೆಗೆ ಹೋಗೋವರೆಗೆ ಅವನಿಗೆ ಗೊತ್ತೇ ಆಗಲಿಲ್ಲ. ಹೆಂಡತಿ ಬಾಗಿಲು ತೆಗೆದು ನೋಡಿದರೆ ಗಂಡ ಮೂಗು ಒರೆಸ್ಕೊಳ್ತಾ ನಿಂತಿದ್ದಾನೆ, ಹಿಂದೆ ಹನ್ನೊಂದು ಕಡಸು ಸಾಲಾಗಿ ಕಾಲು ಒರೆಸ್ಕೊಳ್ತಿವೆ.

ನೀನು ನಕ್ಕೆ. ತುಟಿ ಅಲ್ಲಾಡಿತು, ನಾನು ನೋಡಿದೆ.

ಇಲ್ಲ? ಸರಿ.

ಅವಳು ಹೇಳಿದ್ದಾದರೂ ಏನು ಅಂತ ನೋಡೋಣ. ಗುಂಡು ಮುಂದೆ ಬಂದಿರೋಕೆ ಎರಡು ಕಾರಣ ಇರಬಹುದಂತೆ. ಒಂದು, ಕೀಲಿಗೇ ಏನೋ ರೋಗ. ಹಾಗಾದರೆ ಇನ್ನೊಂದು ದೊಡ್ಡ ಪರೀಕ್ಷೆ, ಅದರ ಸರದಿ ಅಕ್ಟೋಬರಿಗೆ, ಆಮೇಲೆ ಆಪರೇಷನ್ ಉಂಟೋ ಇಲ್ಲವೋ ದೇವರೇ ಬಲ್ಲ. ಎರಡನೇದು, ಅಭ್ಯಾಸ. ಗದ್ದ ಒಳಗೆ ಹೋಗಿರೋರು ಕೆಲವರು, ಚೆನ್ನಾಗಿ ಕಾಣಲಿ ಅಂತ ಕೆಳದವಡೆಯನ್ನ ಮುಂದೆ ತಳ್ಳಿ ಹಾಗೇ ಹಿಡಕೊಂಡಿರ್ತಾರಂತೆ. ಹಿಡಿದೂ ಹಿಡಿದೂ ಸ್ನಾಯು ಹಗ್ಗವಾಗಿ ಬಿಡುತ್ತಂತೆ, ಬಿಡು ಅಂದರೂ ಬಿಡಲ್ಲವಂತೆ. ನಿನ್ನ ಗದ್ದ ಹಿಡಿದು ಎಷ್ಟು ಅಲ್ಲಾಡಿಸಿದಳು, ಅಲ್ಲಾಡಿತಾ? ಹಾಗೆ ಬರೀ ಅಭ್ಯಾಸ ಅಂತಾದರೆ ಬಾಯಿಗೆ ಒಂದು ಪ್ಲಾಸ್ಟಿಕ್ ಪ್ಲೇಟು ಆರು ವಾರ, ಸ್ನಾಯು ಸಡಿಲಾಗುತ್ತೆ, ಹೊಸ ಸ್ಕ್ಯಾನ್, ಏಪ್ರಿಲ್ ಕೊನೆಗೆ ಆಪರೇಷನ್. ರೋಗವೋ ಅಭ್ಯಾಸವೋ ಚಿತ್ರ ನೋಡಿ ನಾನು ಹೇಳಲಾರೆ, ನೀವೇ ಹೇಳಬೇಕು ಅಂದಳು. ಸ್ಕ್ಯಾನ್ ದಿನ ದವಡೆ ಮುಂದೆ ಹಿಡಿದಿದ್ದೆಯಾ, ಯಾರಾದರೂ ಹೇಳಿಕೊಟ್ಟಿದ್ದರಾ ಅಂತ ನಿನ್ನ ಕೇಳಿದಳು.

ನೀನು ಬಾಯಿ ಬಿಡಲಿಲ್ಲ. ಸರಿ, ನೀನು ಬಿಡಲಿಲ್ಲ ಅಂತ ನಾನು ಬಿಟ್ಟೆ. ಮನೆ ದೊಡ್ಡವನು ಪಕ್ಕದಲ್ಲಿ ಕೂತು ಗೋಡೆ ನೋಡ್ತಿರೋಕಾಗುತ್ತಾ? ಇಲ್ಲಮ್ಮ, ಯಾರೂ ಏನೂ ಹೇಳಿಕೊಟ್ಟಿಲ್ಲ, ಹುಡುಗಿ ಕಚ್ಚೋದೇ ಹಾಗೆ ಅಂದೆ. ಮನೆಯಲ್ಲಿ ಬೇರೆ ಯಾರಿಗಾದರೂ ಇಂಥ ದವಡೆ ಇದೆಯಾ ಅಂದಳು. ನಮ್ಮ ವಂಶದಲ್ಲೇ ಇಲ್ಲ, ನೋಡಿ ಇದನ್ನ ಅಂತ ನನ್ನ ಗದ್ದ ತೋರಿಸಿದೆ. ತಪ್ಪೇನು? ಹೆದ್ದಾರಿ ಬೋರ್ಡಿನ ಮೇಲೆ ಇಪ್ಪತ್ತೆರಡು ವರ್ಷದಿಂದ ಇರೋ ಗದ್ದ ಇದು. 'ಓರೆಸ್ಟ್ ಕೂಗಿದರೆ ದನ ನಿಲ್ಲಲ್ಲ' ಅಂತ ಬರೆದು, ಪಕ್ಕದಲ್ಲಿ ನನ್ನ ಮುಖ, ಬಣ್ಣ ಬಳಿದವನು ಗದ್ದ ಹಿಡಿಸದೆ ಬೋರ್ಡಿನ ಅಂಚಿಗೆ ಒಂದು ತುಂಡು ಹಲಗೆ ಬೇರೆ ಹೊಡೆದ. ಅದರ ಮೇಲೆ ಪ್ರತಿ ವಸಂತಕ್ಕೆ ಒಂದು ಜೋಡಿ ಹಕ್ಕಿ ಗೂಡು ಕಟ್ಟುತ್ತೆ. ನನ್ನ ಗದ್ದದಲ್ಲಿ ಬೆಳೆದು ಹಾರಿಹೋದ ಮರಿಗಳು ಈಗ ಮೆಕ್ಸಿಕೋದಲ್ಲಿವೆ. ನಿಮ್ಮತ್ತೆ ಮಾರ್ಲೀನ್ ಏನು ನೋಡಿ ನನ್ನ ಮದುವೆಯಾದಳು ಅಂತ ಹೋಗಿ ಕೇಳು. ಹೊಲ ನೋಡಿ ಅಲ್ಲ, ಹೊಲ ಆಗ ಇರಲಿಲ್ಲ.

ಅದಕ್ಕೇ ಹೇಳಿದೆ. ಸತ್ಯವನ್ನೇ ಹೇಳಿದೆ.

ಮೊದಲು ಆ ಕಣ್ಣು ಆ ಕಡೆ ತಿರುಗಿಸು.

ಇರಲಿ, ಕೊಂಡಿ ವಿಚಾರಕ್ಕೆ ಬರ್ತೀನಿ. ಡಾಕ್ಟರಮ್ಮನಿಗೆ ಕೊಂಡಿ ಬಗ್ಗೆ ಏನು ಗೊತ್ತು? ನಾನು ಒಂದು ಸಲ, ನೀನು ಇನ್ನೂ ಹುಟ್ಟಿರಲಿಲ್ಲ, ಹದಿನಾಲ್ಕು ಕರು ತುಂಬಿಸ್ಕೊಂಡು ಹೊರಟೆ. ಆತುರದಲ್ಲಿದ್ದೆ. ಟ್ರೇಲರಿನ ಬಟ್ಟಲು ಗುಂಡಿನ ಮೇಲೆ ಪೂರ್ತಿ ಕೂತಿರಲಿಲ್ಲ, ಅಂಚಿನಲ್ಲಿತ್ತು. ಚಿಲಕ ಹಾಕಿದೆ, ಹಾಕ್ಕೊಂಡಿತು. ಹೊರಗಿಂದ ನೋಡಿದರೆ ಕೂತ ಹಾಗೇ ಇತ್ತು ಅಂತೀನಿ. ಒಂಬತ್ತು ಮೈಲಿ ಬೆಣ್ಣೆ ಥರ ಬಂತು. ಹಾಡು ಹೇಳ್ತಿದ್ದೆ. ರೈಲು ಹಳಿ ದಾಟೋವಾಗ ಒಂದೇ ಒಂದು ಕುಲುಕು. ಕನ್ನಡಿಯಲ್ಲಿ ನೋಡ್ತೀನಿ, ಟ್ರೇಲರ್ ನನ್ನನ್ನ ಬಿಟ್ಟು ತಾನೇ ಬಲಕ್ಕೆ ತಿರುಗಿ ಕೆರೆಗೆ ಇಳೀತಿದೆ. ಕರುಗಳು ಕಿಟಕಿಯಿಂದ ನನ್ನನ್ನೇ ನೋಡ್ತಿವೆ, ನೀನೂ ಬರ್ತೀಯಾ ಅನ್ನೋ ಹಾಗೆ. ಎಲ್ಲ ಈಜಿ ದಡ ಸೇರಿದವು ಅನ್ನು. ಒಂದಂತೂ ಬಾಯಲ್ಲಿ ಮೀನು ಕಚ್ಕೊಂಡು ಬಂತು.

ಅದಕ್ಕೆ ನಾನು ಹೇಳೋದು, ಗುಂಡು ಕೂತಿಲ್ಲದೆ ಎಳೆದರೆ, ಎಲ್ಲ ಬಿಗಿಯಾಗಿ ಇರೋವರೆಗೆ ಏನೂ ಆಗಲ್ಲ. ಸಡಿಲಾದ ಕ್ಷಣ...

ಸಡಿಲಾದ ಕ್ಷಣ ಅದು ತನ್ನ ಜಾಗಕ್ಕೆ ಹೋಗುತ್ತೆ.

ಹೌದು. ಅದನ್ನೇ ಹೇಳಿದಳು, ಅಲ್ವಾ? ಅರಿವಳಿಕೆ ಕೊಟ್ಟ ಮೇಲೆ ಸ್ನಾಯು ಎಲ್ಲ ಸಡಿಲ. ಮುಂದೆ ಹಿಡಿದಿದ್ದ ದವಡೆ ಹಿಂದೆ ಜಾರುತ್ತೆ. ಮುಂದಿದ್ದಾಗಿನ ಚಿತ್ರ ನೋಡಿ ನಾಲ್ಕು ಮಿಲಿಮೀಟರ್ ಮುಂದೆ ತಂದರೆ ಸಾಕು ಅಂತ ಲೆಕ್ಕ ಹಾಕಿ ಮೂಳೆ ಕೊಯ್ದಿರ್ತಾಳೆ, ನಿಜವಾಗಿ ಬೇಕಿದ್ದದ್ದು ಒಂಬತ್ತು. ಎಚ್ಚರವಾಗೋವಾಗ ನಿನ್ನ ಹಲ್ಲು... ಸರಿ, ಸರಿ. ಅವಳು ಹೇಳಿದ್ದು ಪೂರ್ತಿ ಸುಳ್ಳು ಅಂತ ನಾನೆಲ್ಲಿ ಅಂದೆ? ಹೇಳೋ ಧಾಟಿ ಸರಿ ಇಲ್ಲ ಅಂದೆ.

ಗಂಟೆ ನಾಲ್ಕಾಯಿತು. ಪಾರ್ಕಿಂಗಿನವನು ನೋಡ್ತಿದ್ದಾನೆ. ನೋಡಲಿ.

ಬಾಗಿಲಲ್ಲಿ ನಿಂತು ಹೇಳಿದಳಲ್ಲ, ಏನಾದರೂ ನೆನಪಾದರೆ ನಾಲ್ಕೂವರೆವರೆಗೆ ಇಲ್ಲೇ ಇರ್ತೀನಿ, ಆಸ್ಪತ್ರೆಗೆ ಆಪರೇಷನ್ ಪಟ್ಟಿ ಹೋಗೋದು ಇವತ್ತೇ ಅಂತ. ನಿನ್ನನ್ನ ನೋಡಿ ಹೇಳಿದಳು ಅಂದ್ಕೊಂಡೆ. ಈಗ ಅನಿಸುತ್ತೆ, ನಿನ್ನನ್ನಲ್ಲ.

ನೀನೇ ಹೋಗಿ ಹೇಳಬಹುದಿತ್ತಲ್ಲ? ಹತ್ತೊಂಬತ್ತು ವರ್ಷ, ವೋಟು ಹಾಕ್ತೀಯ, ಸ್ನೋಮೊಬೈಲು ಓಡಿಸ್ತೀಯ. ಬಾಯಿ ಬಿಟ್ಟು ಒಂದು ಮಾತು: ಹೌದು ಡಾಕ್ಟರ್, ನಮ್ಮ ಮಾವ ಹೇಳಿಕೊಟ್ಟ. ನಾನೇನು ನಿನ್ನ ಕತ್ತು ಹಿಡಿದಿದ್ದೆನಾ?

ಹೌದು, ಹೇಳಿಕೊಟ್ಟೆ. ಹೇಳಿಕೊಟ್ಟೆ ಕಣೇ. ಸಾವಿರ ಸಲ ಹೇಳಿಕೊಡ್ತೀನಿ. ಹನ್ನೊಂದು ವರ್ಷ ನಿನಗೆ. ಸ್ಕೂಲಿನಲ್ಲಿ ಫೋಟೊ ದಿನ. ಬಸ್ಸಿನಲ್ಲಿ ಹುಡುಗರು ಬಿಲದ ಇಲಿ, ಬಿಲದ ಇಲಿ ಅಂತ ಕೂಗಿದರು ಅಂತ ನಮ್ಮ ದನದ ಕೊಟ್ಟಿಗೆಗೆ ಓಡಿ ಬಂದು ಹುಲ್ಲಿನ ಹಿಂದೆ ಕೂತಿದ್ದೆ. ಕೋಟಿನ ಜಿಪ್ಪು ಮೂಗಿನವರೆಗೆ ಎಳಕೊಂಡಿದ್ದೆ, ಗದ್ದ ಕಾಣಬಾರದು ಅಂತ. ನಾನೇನು ಮಾಡಬೇಕಿತ್ತು? ಬಾರಮ್ಮ, ಎಂಟು ವರ್ಷ ಕಾಯಿ, ಒಬ್ಬಳು ಡಾಕ್ಟರು ನಿನ್ನ ಮೂಳೆ ಕೊಯ್ದು ಸರಿಮಾಡ್ತಾಳೆ ಅನ್ನಬೇಕಿತ್ತಾ? ನಾಲಿಗೆ ತುದಿ ಮೇಲೆ ಒತ್ತು, ಕೆಳದವಡೆ ನಿಧಾನ ಮುಂದೆ ತಾ, ಮುಂದಿನ ಹಲ್ಲು ಹತ್ತಿರ ಬಂತಾ, ಅಲ್ಲಿ ಹಿಡಿ, ಮೂಗಿನಲ್ಲಿ ಉಸಿರಾಡು, ನಗಬೇಡ, ನಕ್ಕರೆ ಜಾರುತ್ತೆ ಅಂದೆ. ಐದು ನಿಮಿಷದಲ್ಲಿ ಕಲಿತೆ. ಫೋಟೊ ನಿಮ್ಮನೆ ಫ್ರಿಜ್ ಮೇಲೆ ಈಗಲೂ ಇದೆ. ರಾಣಿ ಥರ ಇದ್ದೀಯ ಅದರಲ್ಲಿ.

ಒಂದು ಫೋಟೋಗೆ ಅಂತ ಹೇಳಿಕೊಟ್ಟೆ. ಎಂಟು ವರ್ಷ ಹಿಡಕೊಂಡು ಕೂರು ಅಂದೆನಾ?

ಅಂದಿಲ್ಲ.

ಸ್ಕ್ಯಾನ್ ದಿನ... ಆಯಿತು, ಅದೂ ನಾನೇ. ಆ ಮಿಷನ್ ಹುಡುಗಿ ಹಿಂದಿನ ಹಲ್ಲು ಕಚ್ಚಿ ಆರಾಮಾಗಿ ನಿಲ್ಲು ಅಂದಳು. ನೀನು ಬಾಗಿಲ ಗಾಜಿನಿಂದ ನನ್ನ ಕಡೆ ನೋಡಿದೆ. ನಾನು ಹೀಗೆ ಮಾಡಿದೆ, ಬೆರಳಿನಿಂದ, ಗದ್ದ ಮುಂದೆ ಅಂತ. ಫೈಲಿನಲ್ಲಿ ಜೀವನಪೂರ್ತಿ ಉಳಿಯೋ ಚಿತ್ರ, ಚೆನ್ನಾಗಿ ಬರಲಿ ಅಂತ. ಯಾರಿಗೆ ಗೊತ್ತಿತ್ತು ಒಳಗಿನ ಮೂಳೆಯ ಫೋಟೋಗೂ ಹೊರಗಿನ ಮುಖದ ಫೋಟೋಗೂ ಇಷ್ಟು ವ್ಯತ್ಯಾಸ ಅಂತ? ಗೊತ್ತಿದ್ದರೆ ಮಾಡ್ತಿದ್ದೆನಾ ನಾನು?

ಅದನ್ನೇ ಒಳಗೆ ಹೇಳಬಹುದಿತ್ತು ಅಂತೀಯ. ಬಾಯಲ್ಲಿ ಅನ್ನಲ್ಲ, ಆದರೆ ಅಂತೀಯ. ನಿಮ್ಮಮ್ಮನ ಮಗಳು.

ಹೇಳೋಕೆ ಏನಿತ್ತು ಕಷ್ಟ... ಏನೂ ಇಲ್ಲ. ತಪ್ಪಾಯಿತು ಡಾಕ್ಟರಮ್ಮ, ನಾನು ಹಳ್ಳಿ ಮುದುಕ, ಹುಡುಗಿಗೆ ಹೇಳಿಕೊಟ್ಟೆ ಅಂತ. ಏಳು ಪದ. ಸಂತೆಯಲ್ಲಿ ನಾನು ಕೆಮ್ಮೋ ಹೊತ್ತಿಗೆ ಅರವತ್ತು ಹೇಳ್ತೀನಿ. ಆದರೆ ಅವಳು ಬುದ್ಧಿವಂತೆ. ಮುಂದಿನ ಪ್ರಶ್ನೆ ಏನು ಕೇಳ್ತಿದ್ದಳು ಗೊತ್ತಾ? ನಿಮಗೆ ಯಾರು ಹೇಳಿಕೊಟ್ಟರು ಅಂತ.

ಕೇಳೇ ಕೇಳ್ತಿದ್ದಳು.

...ಹೀಟರ್ ಜಾಸ್ತಿಯಾಯಿತಾ? ಸೆಕೆ ನನಗೆ.

ಮನುಷ್ಯನಿಗೆ ಒಂದು ಹೆಸರು ಅಂತ ಇರುತ್ತೆ ಹಾಲ್ಯಾ. ಎಂಟುನೂರು ಜನ ಆ ಬೆಂಚಿನ ಮೇಲೆ ಕೂತು ನನ್ನ ಬಾಯನ್ನೇ ನೋಡ್ತಾರೆ. ದನ ನೋಡಲ್ಲ, ನನ್ನ ಬಾಯಿ ನೋಡ್ತಾರೆ. ಅವರೆದುರು ನಾನು ಹಾಗೆ ನಿಲ್ಲೋಕಾಗುತ್ತಾ? ಕಿವಿ ಮುಂದೆ ಕಟಕಟ ಅಂದರೆ ಅನ್ನಲಿ. ಶುಕ್ರವಾರದ ಹೊತ್ತಿಗೆ ಬಾಯಿ ಎರಡು ಬೆರಳು ತೆರೆಯಲ್ಲ, ತೆರೆಯದಿರಲಿ. ನನಗೆ ಸೂಪ್ ಇಷ್ಟ ಅಂತ ಎಲ್ಲರಿಗೂ ಹೇಳಿದ್ದೀನಿ. ಇಪ್ಪತ್ತು ವರ್ಷ ಬೀಟ್‌ರೂಟ್ ಸೂಪ್ ಕುಡಿದಿದ್ದೀನಿ, ದನ ಮಾರೋ ಊರಲ್ಲಿ ಮಾಂಸ ಅಗಿಯದೆ. ಮೂವತ್ತು ವರ್ಷದಿಂದ ಗೋಡೆ ಕಡೆ ಮುಖ ಮಾಡಿ ಮಲಗ್ತೀನಿ. ಮಾರ್ಲೀನ್ ಅಂದ್ಕೊಂಡಿದ್ದಾಳೆ ನನಗೆ ಬೆನ್ನುನೋವು ಅಂತ.

ಏನು ಹೇಳಿದೆ ನಾನು ಈಗ?

ಬಿಡು. ಬಾಯಿ ತಪ್ಪಿ ಬಂತು. ಎಲ್ಲ ಹರಾಜಿನವರೂ ಸ್ವಲ್ಪ ಹೆಚ್ಚು ಮಾತಾಡ್ತಾರೆ.

ನಾಲ್ಕೂ ಹದಿನೈದು.

ನೋಡು, ಈಗ ನಾನು ಒಳಗೆ ಹೋಗಿ ಅಭ್ಯಾಸ ಅಂದರೂ ಆಕೆ ನಂಬಬೇಕಲ್ಲ? ಅರ್ಧ ಗಂಟೆ ಹಿಂದೆ ಇಲ್ಲ ಅಂದವನು ಈಗ ಹೌದು ಅಂದರೆ ಯಾರು ನಂಬ್ತಾರೆ? ನಾನಾಗಿದ್ದರೆ ನಂಬ್ತಿರಲಿಲ್ಲ. ತುಟಿ ಎತ್ತಿ ನೋಡ್ತಿದ್ದೆ. ಅವಳಿಗೂ ಏನಾದರೂ ತೋರಿಸಬೇಕು. ಇಂಥದ್ದು ಮನೆಯಲ್ಲಿ ಇದೆ, ಹೇಳಿಕೊಟ್ಟವನ ಹತ್ತಿರಾನೇ ಇದೆ ಅಂತ ತೋರಿಸಬೇಕು.

ಮೊದಲು ನಿನಗೆ ತೋರಿಸ್ತೀನಿ. ನೀನು ನಕ್ಕರೆ ಒಳಗೆ ಹೋಗೋದಿಲ್ಲ, ಈಗಲೇ ಹೇಳಿರ್ತೀನಿ. ಆ ಕಡೆ ನೋಡಬೇಡ, ಈ ಕಡೆ ನೋಡು. ಹದಿನೆಂಟು ವರ್ಷದವನಿದ್ದಾಗ ಹರಾಜು ಕಲಿಯೋಕೆ ಹೋದೆ, ಮೊದಲನೇ ದಿನವೇ ಮೈಕ್ ಹಿಂದೆ ನಿಂತು ಇದನ್ನ ಮುಂದೆ ತಂದೆ. ಅವತ್ತಿನಿಂದ ಇವತ್ತಿನವರೆಗೆ ಎಚ್ಚರ ಇದ್ದಾಗ ಒಬ್ಬರ ಎದುರೂ ಬಿಟ್ಟಿಲ್ಲ. ಬಿಡೋಕೆ ಬರುತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಸ್ವಲ್ಪ ಇರು... ಹಗ್ಗವೇ ಆಗಿದೆ ಇದು. ಇರು.

ಹಾಂ.

ನೋಡು. ಇದು ನಾನು. ಮಾತೂ ಸರಿಯಾಗಿ ಬರಲ್ಲ ಹೀಗಿದ್ದರೆ, ಗಾಳಿ ಜಾರುತ್ತೆ. ಕನ್ನಡಿ ತಿರುಗಿಸಬೇಡ, ನನಗೆ ನೋಡೋದು ಬೇಡ.

ಏನಾದರೂ ಅನ್ನು.

ನಗಲಿಲ್ಲ ನೀನು. ಬೆಚ್ಚಿಯೂ ಬೀಳಲಿಲ್ಲ. ಹೆದ್ದಾರಿ ಬೋರ್ಡಿನ ಮುಖ ಕಣ್ಣೆದುರೇ ಕುಸಿದು ಬಿದ್ದಿದೆ, ನೀನು ಹವಾಮಾನ ವರದಿ ಕೇಳೋ ಹಾಗೆ ಕೂತಿದ್ದೀಯ. ಹಾಲ್ಯಾ... ನಿನಗೆ ಗೊತ್ತಿತ್ತಾ?

ಯಾವಾಗಿಂದ?

ಕೊಟ್ಟಿಗೆಯಲ್ಲಿ ಹೇಳಿಕೊಟ್ಟ ದಿನದಿಂದಲಾ? ತಲೆ ಆಡಿಸಬೇಡ, ಬಾಯಲ್ಲಿ ಹೇಳು. ಅವತ್ತಿನಿಂದಲೇ? ಹೌದು, ಗೊತ್ತಾಗದೆ ಇರುತ್ತಾ. ಸರಿಯಾದ ದವಡೆ ಇರೋನಿಗೆ ನಾಲಿಗೆ ತುದಿ ಎಲ್ಲಿ ಒತ್ತಬೇಕು ಅಂತ ಹೇಗೆ ಗೊತ್ತಿರುತ್ತೆ. ಹನ್ನೊಂದು ವರ್ಷದ ಹುಡುಗಿಗೆ ಗೊತ್ತಾಗಿದೆ. ಎಂಟು ವರ್ಷ ಯಾರಿಗೂ ಒಂದು ಮಾತು ಹೇಳಲಿಲ್ಲ ನೀನು. ನಿಮ್ಮಮ್ಮನಿಗೂ ಹೇಳಲಿಲ್ಲ.

ಅಂದರೆ ಒಳಗೆ ಅವಳು ಕೇಳಿದಾಗ ನೀನು ಬಾಯಿ ಬಿಡದೆ ಇದ್ದದ್ದು ಹೆದರಿಕೆಗಲ್ಲ.

ನಾನೇನೋ ನಿನ್ನ ಪರವಾಗಿ ಮಾತಾಡಿದೆ ಅಂದ್ಕೊಂಡೆ. ಸೀಟು ಹೋದರೂ ಚಿಂತೆ ಇಲ್ಲ, ಮಾವನ ಗುಟ್ಟು ಉಳಿಯಲಿ ಅಂತ ನೀನು...

ಸಾಕು. ಎಂಜಿನ್ ಆರಿಸ್ತೀನಿ. ಆ ಕಾಗದ ತಗೋ, ಚೆನ್ನಾಗಿ ನೀವಿ ಮಡಿಚು. ಕೈಗವಸು ಹಾಕ್ಕೋ. ಹತ್ತು ನಿಮಿಷ ಇದೆ, ಲಿಫ್ಟು ಕಾಯೋದು ಬೇಡ, ಮೆಟ್ಟಿಲಲ್ಲಿ ಹೋಗೋಣ. ಪಾಠ ಹೇಳ್ತಾಳಂತೆ ನನಗೆ! ಹೇಳಲಿ. ನನ್ನನ್ನೂ ಆ ಮಿಷನ್ನಿನಲ್ಲಿ ನಿಲ್ಲಿಸಲಿ, ಇಂಥ ಗುಂಡು ಅವಳ ಜನ್ಮದಲ್ಲಿ ನೋಡಿರಲ್ಲ. ನೀನು ನನ್ನ ಹಿಂದೆ ಬಾ, ನೀನೇನೂ ಮಾತಾಡಬೇಕಾಗಿಲ್ಲ.

ಇಲ್ಲ ಮಗಳೇ, ಗದ್ದ ಮುಂದೆ ತರಲ್ಲ. ಹೀಗೇ ಬರ್ತೀನಿ.